ಪೀಣ್ಯದ ಶೆಡ್ಡಿನಿಂದ ಆಸ್ಟ್ರೋಸ್ಯಾಟ್‌ವರೆಗೆ

ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ದಕ್ಷಿಣ ದಿಗಂತದ ಮೇಲೆ ದಿನಕ್ಕೆ 13–14 ಸಲ ಒಂದು ದೂರದರ್ಶಕ ಹಾದುಹೋಗುತ್ತದೆ. ಭಾರತದ ಮೊದಲ ಬಾಹ್ಯಾಕಾಶ ವೀಕ್ಷಣಾಲಯವಾದ ಆಸ್ಟ್ರೋಸ್ಯಾಟ್ ಅದು. ಅದರ ಹುಟ್ಟಿನ ಕಥೆಯ ದೊಡ್ಡ ಪಾಲು ನಡೆದದ್ದು ನಮ್ಮ ನಾಡಿನಲ್ಲೇ.

ನಕ್ಷತ್ರಗಳು ಸೂಸುವ ಎಕ್ಸ್-ಕಿರಣಗಳನ್ನೂ ನೇರಳಾತೀತ ಬೆಳಕಿನ ಬಹುಪಾಲನ್ನೂ ವಾತಾವರಣ ಕೆಳಗೆ ಬಿಡುವುದಿಲ್ಲ. ಅವನ್ನು ನೋಡಬೇಕಾದರೆ ಗಾಳಿಯ ಪದರ ದಾಟಿ ಮೇಲೇರಲೇಬೇಕು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ‘ಆರ್ಯಭಟ’ ಉಪಗ್ರಹ 1975ರಲ್ಲೇ ಎಕ್ಸ್-ಕಿರಣ ಉಪಕರಣ ಹೊತ್ತು ಹೋಗಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗ ನಿಂತಿತು. ಆಸೆ ನಿಲ್ಲಲಿಲ್ಲ. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದೊಂದಿಗೆ ಹೋದ ಎಕ್ಸ್-ಕಿರಣ ಉಪಕರಣ ಚೆನ್ನಾಗಿ ಕೆಲಸ ಮಾಡಿತು. ಆ ಧೈರ್ಯದ ಮೇಲೆ 2004ರಲ್ಲಿ ಆಸ್ಟ್ರೋಸ್ಯಾಟ್‌ಗೆ ಒಪ್ಪಿಗೆ ಸಿಕ್ಕಿತು.

ಮುಂದಿನ ಹನ್ನೊಂದು ವರ್ಷ ತಾಳ್ಮೆಯ ಪರೀಕ್ಷೆ. ನೇರಳಾತೀತ ದೂರದರ್ಶಕದ ಜೋಡಣೆ ನಡೆದದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದರ ಎರಡು ಮುಖ್ಯ ಕನ್ನಡಿಗಳು ತಲಾ ಸುಮಾರು 38 ಸೆಂ.ಮೀ. ಅಗಲ, ಊಟದ ತಟ್ಟೆಗಿಂತ ತುಸು ದೊಡ್ಡವು, ಅಷ್ಟೆ. ಆದರೆ ಎಣ್ಣೆಯ ಆವಿಯ ತೆಳು ಲೇಪ ಕನ್ನಡಿಗೆ ಹತ್ತಿದರೂ ಸಾಕು, ನೇರಳಾತೀತ ಬೆಳಕನ್ನು ಅದೇ ನುಂಗಿಬಿಡುತ್ತದೆ. ಹಾಗಾಗಿ ಧೂಳಿಲ್ಲದ ಕೋಣೆಯಲ್ಲಿ ಕೆಲಸ. ದೂರದರ್ಶಕದೊಳಗೆ ಸದಾ ಶುದ್ಧ ಸಾರಜನಕದ ಹರಿವು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಉಡಾವಣೆಯಾದ ಮೇಲೂ ದೂರದರ್ಶಕದ ಮುಚ್ಚಳವನ್ನು ಕೂಡಲೇ ತೆಗೆಯಲಿಲ್ಲ. ಉಪಗ್ರಹದ ಮೈಯಿಂದ ಹೊಮ್ಮುವ ಆವಿಯೆಲ್ಲ ಚದುರಿಹೋಗಲೆಂದು ಕಾದು, ನವೆಂಬರ್ 30ಕ್ಕೆ ತೆರೆದರು.

ಆ ಎಚ್ಚರಕ್ಕೆ ಫಲ ಸಿಕ್ಕಿತು. ಹಬಲ್‌ನ, ಅಂದರೆ ಹೆಸರಾಂತ ಬಾಹ್ಯಾಕಾಶ ದೂರದರ್ಶಕದ, ಕನ್ನಡಿ 2.4 ಮೀಟರ್. ಅದಕ್ಕೂ ದಕ್ಕದಿದ್ದ, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ತೀವ್ರ ನೇರಳಾತೀತ ಬೆಳಕನ್ನು ಈ ಪುಟ್ಟ ಕನ್ನಡಿ ಹಿಡಿಯಿತು. ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ತಂಡ 2020ರಲ್ಲಿ ಅದನ್ನು ಜಗತ್ತಿಗೆ ತಿಳಿಸಿತು. ಆಸ್ಟ್ರೋಸ್ಯಾಟ್‌ನ ನೇರಳಾತೀತ ಗ್ರಾಹಕದಲ್ಲಿ ಹಿನ್ನೆಲೆ ಗದ್ದಲ ತೀರಾ ಕಡಿಮೆ. ಅಷ್ಟು ಮಸುಕಾದ ಬೆಳಕೂ ಸಿಕ್ಕಿದ್ದು ಅದರಿಂದ. ಒಂದೇ ಆಕಾಶಕಾಯವನ್ನು ನೇರಳಾತೀತದಲ್ಲೂ ಎಕ್ಸ್-ಕಿರಣದಲ್ಲೂ ಒಟ್ಟಿಗೆ ನೋಡಬಲ್ಲದ್ದು ಇದರ ಇನ್ನೊಂದು ಹೆಚ್ಚುಗಾರಿಕೆ.

ಸಮಭಾಜಕ ವೃತ್ತಕ್ಕೆ ಬರೀ 6 ಡಿಗ್ರಿ ಓರೆಯಾದ ಕಕ್ಷೆಯಿಂದಾಗಿ ಹೆಚ್ಚಿನ ಸುತ್ತುಗಳಲ್ಲಿ ಇದು ಬೆಂಗಳೂರು ಬಳಿಯ ಬ್ಯಾಲಾಳಿನ ಆಂಟೆನಾಗಳ ಕೈಗೆ ಸಿಗುತ್ತದೆ. ಐದು ವರ್ಷದ ಆಯುಸ್ಸು ಅಂದುಕೊಂಡಿದ್ದು ಹತ್ತು ವರ್ಷ ದಾಟಿತು. 2018ರಿಂದ ಇದರ ದತ್ತಾಂಶ ಭಂಡಾರ ಸಾರ್ವಜನಿಕರಿಗೂ ತೆರೆದಿದೆ. ಅದನ್ನು ಬಳಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ; ಒಂದು ಕಂಪ್ಯೂಟರ್, ಇಂಟರ್‌ನೆಟ್, ಪಕ್ಕದಲ್ಲಿ ಕೂತು ಕಲಿಸುವ ಮಾಸ್ತರು ಇದ್ದರೆ ಸಾಕು. ಇದು ನಮ್ಮೆಲ್ಲರ ದುಡ್ಡಿನಲ್ಲಿ ಆದ ಕೆಲಸ. ಹಾವೇರಿ, ಬ್ಯಾಡಗಿಯ ಬಿ.ಎಸ್ಸಿ. ಮಕ್ಕಳ ಕೈಗೂ ಅದನ್ನು ಕೊಡುವ ಹೊಣೆ ಇನ್ನು ನಮ್ಮ ಕಾಲೇಜುಗಳದ್ದು.