ಮನೆ ಹೋಯಿತು, ಕಂದಕ ಉಳಿಯಿತು

ಇಂಗ್ಲೆಂಡಿನ ಸಫೋಕ್, ಎಸೆಕ್ಸ್ ಕಡೆಯ ಹೊಲ, ಹುಲ್ಲುಗಾವಲುಗಳ ನಡುವೆ ಅಲ್ಲಲ್ಲಿ ಚೌಕಾಕಾರದ ಹಳ್ಳಗಳಿವೆ. ಕೆಲವದರಲ್ಲಿ ನೀರು ನಿಂತಿದೆ, ಕೆಲವದರಲ್ಲಿ ಬರೀ ಹುಲ್ಲು. ಹಳ್ಳ ಸುತ್ತುವರಿದ ಜಗಲಿಯಂಥ ನೆಲದ ಮೇಲೆ ಒಂದು ಕಾಲಕ್ಕೆ ಜಮೀನ್ದಾರರ ಮನೆಗಳಿದ್ದವು. ಇಂಗ್ಲೆಂಡಿನಲ್ಲಿ ಇಂಥ ಸುಮಾರು 6,000 ನೆಲೆಗಳು ಪತ್ತೆಯಾಗಿವೆ. ಹೆಚ್ಚಿನವು 1250ರಿಂದ 1350ರ ನಡುವೆ ತೋಡಿದವು.

ಕಂದಕ ಎಂದರೆ ಕೋಟೆ, ಮುತ್ತಿಗೆ ನೆನಪಾಗುವುದು ಸಹಜ. ಆದರೆ ಈ ಕಂದಕಗಳು ಕಳ್ಳಕಾಕರನ್ನು, ಕಾಡುಮೃಗಗಳನ್ನು ದೂರವಿಟ್ಟಾವೇ ಹೊರತು ಸೈನ್ಯವನ್ನಲ್ಲ. ಇವನ್ನು ತೋಡಿಸಿದ್ದು ಮುಖ್ಯವಾಗಿ ಪ್ರತಿಷ್ಠೆ. ಹದಿಮೂರನೆಯ ಶತಮಾನದಲ್ಲಿ ಜನಸಂಖ್ಯೆಯೂ ಧಾನ್ಯದ ಬೆಲೆಯೂ ಏರಿ, ಭೂಮಿ ಇದ್ದವರ ಕೈಯಲ್ಲಿ ಹಣ ಓಡಾಡಿತು. ವಾರ್ವಿಕ್‌ಶೈರ್‌ನ ಆರ್ಡೆನ್ ಸೀಮೆಯಲ್ಲಿ ಕಾಡು ಕಡಿದು ಹೊಲ ಮಾಡಿದ ಸ್ವತಂತ್ರ ರೈತರೂ ಪ್ರಭುಗಳ ಠೀವಿ ನೋಡಿ ಮನೆಯ ಸುತ್ತ ನೀರು ನಿಲ್ಲಿಸಿದರು. ಗೋಡೆಗೆ ಕೋಟೆಯಂತೆ ತೆನೆ ಇಡಲು ರಾಜನ ಪರವಾನಗಿ ಪಡೆಯುವ ಪದ್ಧತಿಯಿತ್ತು; ಉಣ್ಣೆ ವ್ಯಾಪಾರಿ ಲಾರೆನ್ಸ್ ಆಫ್ ಲಡ್ಲೊ ತನ್ನ ಸ್ಟೋಕ್‌ಸೇ ಮನೆಗೆ 1291ರಲ್ಲಿ ಅದನ್ನು ಪಡೆದ. ಅಷ್ಟು ಶಕ್ತಿಯಿಲ್ಲದವನಿಗೆ ಗುದ್ದಲಿ, ಸಲಿಕೆ ಸಾಕಿತ್ತು.

ಮಣ್ಣೂ ಅನುಕೂಲವಾಗಿತ್ತು. ಜೇಡಿಮಣ್ಣಿನ ಸೀಮೆಯಲ್ಲಿ ತೋಡಿದ ಹಳ್ಳಕ್ಕೆ ಕಲ್ಲು ಕಟ್ಟಬೇಕಿಲ್ಲ, ನೀರು ಇಂಗಿಹೋಗದು. ಅಗೆದ ಮಣ್ಣನ್ನು ಎಷ್ಟೋ ಕಡೆ ನಡುವೆಯೇ ಹರಡಿ ಮನೆಯ ನೆಲ ಎತ್ತರಿಸಿದರು. ಮಾಂಸ ನಿಷಿದ್ಧವಾದ ಶುಕ್ರವಾರಗಳಿಗೆ ಮೀನು, ಮರದ ಮನೆಗೆ ಬೆಂಕಿ ಬಿದ್ದರೆ ನೀರು ಮನೆ ಬಾಗಿಲಲ್ಲೇ ಸಿಕ್ಕವು.

1348ರಲ್ಲಿ ಬಂದ ಪ್ಲೇಗ್ ಈ ಲೆಕ್ಕವನ್ನೆಲ್ಲ ಕೆಡಿಸಿತು. ಕೂಲಿಯಾಳು ದುರ್ಲಭವಾದರು, ಕೂಲಿ ಏರಿತು, ಹೊಸ ಕಂದಕಗಳು ವಿರಳವಾದವು. ನಾರ್ಫೋಕ್‌ನ ಆಕ್ಸ್‌ಬರೋದಲ್ಲಿ 1482ರ ಹೊತ್ತಿಗೂ ಶ್ರೀಮಂತರೊಬ್ಬರು ಇಟ್ಟಿಗೆಯ ಬಂಗಲೆಗೆ ಕಂದಕ ಮಾಡಿಸಿದರು. ಕೆಂಟ್‌ನ ಐಟಮ್ ಮೋಟ್ ಇಂದಿಗೂ ನೀರಿನ ನಡುವೆಯೇ ನಿಂತಿದೆ. ಬಹುಪಾಲು ಮರದ ಮನೆಗಳು ಮಾತ್ರ ಹೇಳಹೆಸರಿಲ್ಲದೆ ಹೋದವು.

ಹುಲ್ಲುಗಾವಲಾಗಿ ಉಳಿದ ಕಡೆ ಹಳ್ಳವೂ ಉಳಿಯಿತು. ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಬಂದ ಹೊಲಗಳಲ್ಲಿ ಎಷ್ಟೋ ಕಂದಕಗಳನ್ನು ಮುಚ್ಚಿ ಉತ್ತರು. ಹಾಗೆ ಅಳಿಸಿದವೂ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಬೆಳೆಯ ಬಣ್ಣದ ವ್ಯತ್ಯಾಸವಾಗಿ ಮೂಡುತ್ತವೆ. ಸವೆದ ದಿಬ್ಬಗಳನ್ನು ಈಗ ಲೇಸರ್ ಸಮೀಕ್ಷೆ ಹಿಡಿದುಕೊಡುತ್ತದೆ.

ಆದರೂ ಪುರಾತತ್ವಜ್ಞರ ಕಣ್ಣು ಕಂದಕದ ತಳದ ಕೆಸರಿನ ಮೇಲಿದೆ. ಗಾಳಿಯಾಡದ ಆ ಕೆಸರಿನಲ್ಲಿ ಸೇತುವೆಯ ಮರ, ಚರ್ಮದ ಚಪ್ಪಲಿ, ಬೀಜ, ಪರಾಗ ಕೊಳೆಯದೆ ಉಳಿಯಬಲ್ಲವು. ಯಜಮಾನ ಊರಿಗೆ ತೋರಿಸಲೆಂದು ಕಟ್ಟಿಸಿದ್ದು ಮಣ್ಣುಗೂಡಿದ ಮೇಲೆ, ಮನೆಯವರು ಹೊರಗೆಸೆದ ಕಸವೇ ಅವರ ಊಟ ಉಡುಗೆಯ ಸಾಕ್ಷಿಯಾಗಿದೆ. ಸುತ್ತಲಿನ ಹೊಲಕ್ಕಾಗಿ ನೀರು ಬಸಿದುಬಿಟ್ಟರೆ ಅದೂ ಒಣಗಿ ಪುಡಿಯಾದೀತು. ಈ ನೆಲೆಗಳನ್ನು ಕಾಯುವುದೆಂದರೆ ಮೊದಲು ಅವುಗಳ ತೇವವನ್ನು ಕಾಯುವುದು.