ಹಳೆಯ ಬಂದೂಕಿನ ಮೇಲಿನ ಅಂಗಡಿಯ ಹೆಸರು
ತಯಾರಕನಾರು, ಮಾರಿದವನಾರು ಎಂಬುದನ್ನು ಗುರುತಿಸುವ ಬಗೆ

ಕೃಷ್ಣಾ ನದಿಯ ದಂಡೆಯ ನಾರಾಯಣಪುರದಿಂದ ಸುರಪುರ, ಶಹಾಪುರಗಳವರೆಗಿನ ಪ್ರದೇಶಕ್ಕೂ ಬಂದೂಕಿಗೂ ಇರುವ ನಂಟು ಹಳೆಯದು. 1705ರಲ್ಲಿ ಔರಂಗಜೇಬನು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ, ಗುರಿಕಾರಿಕೆಗೆ ಹೆಸರಾದ ಬೇಡರ ಪಡೆಯು ಮೊಗಲ್ ಸೈನ್ಯವನ್ನು ಎರಡು ತಿಂಗಳಿಗೂ ಮಿಕ್ಕಿ ತಡೆದು ನಿಲ್ಲಿಸಿತ್ತು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರ ಸಂಸ್ಥಾನವೂ ಬ್ರಿಟಿಷರ ವಶವಾಯಿತು. ಇಂತಹ ನಾಡಿನಲ್ಲಿ ಹಿರಿಯರ ಕಾಲದ ಜೋಡುನಳಿಗೆ ಬಂದೂಕೊಂದು ವಾರಸುದಾರರ ಕೈಗೆ ಬಂದರೆ, ಅದು ಎಲ್ಲಿಯದು, ಯಾರು ಮಾಡಿದ್ದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ ಹುಡುಕುವ ದಾರಿಯು ವ್ಯಾಪಾರಿಗಳಿಗೆ ಪರಿಚಿತವಾದುದೇ ಆಗಿದೆ.

ಹೆಸರು ಅಂಗಡಿಯದು, ಕೆಲಸ ಕಾರ್ಖಾನೆಯದು

ನಳಿಗೆಯ ಮೇಲೆ ಕೆತ್ತಿದ ಹೆಸರು ತಯಾರಕನದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಅನೇಕ ಸಂದರ್ಭಗಳಲ್ಲಿ ಅದು ಮಾರಾಟಗಾರನ ಹೆಸರು. ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯ ಭಾಗದಿಂದ ಸೇಂಟ್ ಲೂಯಿಸ್‌ನ ಸಿಮನ್ಸ್, ಷಿಕಾಗೋದ ಹಿಬ್ಬರ್ಡ್ ಸ್ಪೆನ್ಸರ್ ಬಾರ್ಟ್ಲೆಟ್, ಲೂಯಿವಿಲ್‌ನ ಬೆಲ್‌ನ್ಯಾಪ್ ಮೊದಲಾದ ಸಗಟು ಹಾರ್ಡ್‌ವೇರ್ ಸಂಸ್ಥೆಗಳು ಮೊಳೆ, ಬೀಗ, ಕೊಡಲಿಗಳ ಜೊತೆಗೆ ಚರೆ ಬಂದೂಕುಗಳನ್ನೂ ಮಾರುತ್ತಿದ್ದವು. ಕನೆಕ್ಟಿಕಟ್‌ನ ನಾರ್ವಿಚ್‌ನಲ್ಲಿದ್ದ ಕ್ರೆಸೆಂಟ್ ಕಾರ್ಖಾನೆ ಮತ್ತು ಬೆಲ್ಜಿಯಂನ ಲಿಯೇಜ್ ನಗರದ ಕುಶಲಕರ್ಮಿಗಳು, ಖರೀದಿದಾರ ಸಂಸ್ಥೆ ಬಯಸಿದ ಹೆಸರನ್ನು ಒತ್ತಿ ಸರಕು ಕಳುಹಿಸುತ್ತಿದ್ದರು. ಇಂದು ದೊಡ್ಡ ಮಳಿಗೆಗಳು ಅನ್ಯರಿಂದ ಮಾಡಿಸಿದ ಸಾಬೂನು, ಬೇಳೆಗಳಿಗೆ ತಮ್ಮ ಹೆಸರಿನ ಚೀಟಿ ಅಂಟಿಸುವ ಪದ್ಧತಿಯೂ ಇದೇ ಆಗಿದೆ.

ಭಾರತದಲ್ಲಿಯೂ ಇದೇ ಕ್ರಮವಿತ್ತು. ಕಲ್ಕತ್ತೆಯ ಮ್ಯಾಂಟನ್ ಮತ್ತು ರೋಡಾ ಸಂಸ್ಥೆಗಳು, 1891ರಲ್ಲಿ ಮುಂಬಯಿಯಲ್ಲಿ ತೆರೆದ ಆರ್ಮಿ ಅಂಡ್ ನೇವಿ ಮಳಿಗೆ, ಗಡಿಯಾರ ಹಾಗೂ ಆಭರಣಗಳಿಗೆ ಹೆಸರಾದ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಇವೆಲ್ಲ ತಮ್ಮ ಹೆಸರಿನಲ್ಲಿ ಬಂದೂಕುಗಳನ್ನು ಮಾರಿದವು. ಅವುಗಳಲ್ಲಿ ಬಹಳಷ್ಟು ಬರ್ಮಿಂಗ್‌ಹ್ಯಾಮ್‌ನ ಕಾರ್ಯಾಗಾರಗಳಲ್ಲಿ ತಯಾರಾದವು.

ಮುದ್ರೆಗಳನ್ನು ಓದುವ ಕ್ರಮ

ಪರಿಶೀಲನೆಯನ್ನು ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಿಂದ ಮಾಡಿಸುವುದು ಕ್ಷೇಮ. ನಳಿಗೆಯೊಳಗೆ ತೋಟಾ ಇಲ್ಲವೆಂಬುದನ್ನು ಆತನೇ ಮೊದಲು ಖಚಿತಪಡಿಸಬೇಕು.

ನಳಿಗೆಗಳ ನಡುವಣ ಪಟ್ಟಿಯ ಮೇಲಿನ ಹೆಸರು ಮತ್ತು ವಿಳಾಸವು ಮಾರಿದ ಅಂಗಡಿಯನ್ನು ಸೂಚಿಸುತ್ತದೆ. ಇಲ್ಲಿ ಬೀದಿಯ ಹೆಸರು ಬಹು ಮುಖ್ಯ. ಅಂಗಡಿಗಳು ಸ್ಥಳ ಬದಲಿಸುತ್ತಿದ್ದುದರಿಂದ, ಥ್ಯಾಕರ್ಸ್ ಡೈರೆಕ್ಟರಿಯಂತಹ ಹಳೆಯ ವಾಣಿಜ್ಯ ಕೈಪಿಡಿಗಳಲ್ಲಿ ಆ ವಿಳಾಸ ಯಾವ ವರ್ಷಗಳಲ್ಲಿ ಕಾಣುತ್ತದೆಂಬುದನ್ನು ನೋಡಿ ಮಾರಾಟದ ಕಾಲವನ್ನು ಅಂದಾಜು ಮಾಡಬಹುದು. ಬಂದೂಕಿನ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ ವ್ಯಾಪಾರ ಚೀಟಿಯೂ ಇದಕ್ಕೆ ನೆರವಾಗುತ್ತದೆ.

ನಳಿಗೆಯನ್ನು ಕಳಚಿದಾಗ ಅದರ ತಳದಲ್ಲಿ ಕಾಣುವ ಚಿಕ್ಕ ಮುದ್ರೆಗಳು ತಯಾರಾದ ಊರನ್ನು ಹೇಳುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯವು 1813ರ ಶಾಸನದಿಂದ ಸ್ಥಾಪಿತವಾದುದು. ಅಂಡಾಕಾರದೊಳಗೆ ‘ಇ ಎಲ್ ಜಿ’ ಎಂಬ ರೋಮನ್ ಅಕ್ಷರಗಳಿದ್ದರೆ ಅದು ಲಿಯೇಜ್‌ನ ಮುದ್ರೆ. ಅದರ ಮೇಲೆ ಕಿರೀಟವಿದ್ದರೆ 1893ರ ನಂತರದ್ದು. ‘ನಾಟ್ ಫಾರ್ ಬಾಲ್’ ಎಂಬ ಇಂಗ್ಲಿಷ್ ಪದಗಳಿದ್ದರೆ 1875ರಿಂದ 1887ರ ನಡುವೆ ಬ್ರಿಟನ್ನಿನಲ್ಲಿ ಪರೀಕ್ಷೆಗೊಳಗಾದುದು. 12 ಎಂಬ ಅಂಕಿ ಬೆಲೆಯೂ ಅಲ್ಲ, ವರ್ಷವೂ ಅಲ್ಲ. ನಳಿಗೆಯ ವ್ಯಾಸಕ್ಕೆ ಸರಿಹೊಂದುವ 12 ಸೀಸದ ಗುಂಡುಗಳು ಒಂದು ಪೌಂಡ್ ತೂಗುತ್ತವೆ ಎಂಬುದು ಅದರ ಅರ್ಥ.

ದೇಶದ ಹೆಸರು ಇದೆಯೇ ಎಂಬುದನ್ನೂ ಗಮನಿಸಬೇಕು. ಬ್ರಿಟನ್ನಿನ 1887ರ ಸರಕು ಮುದ್ರೆ ಕಾಯ್ದೆ, ಭಾರತದ 1889ರ ಅಂತಹುದೇ ಕಾಯ್ದೆ ಹಾಗೂ ಅಮೆರಿಕದ 1890ರ ಸುಂಕ ಕಾಯ್ದೆಗಳ ತರುವಾಯ ಆಮದು ಸರಕಿನ ಮೇಲೆ ಮೂಲದೇಶವನ್ನು ಕಾಣಿಸುವ ವಾಡಿಕೆ ಬಲಗೊಂಡಿತು.

ದಫ್ತರದ ಬೆಲೆ

ಅಂಗಡಿಯ ದಫ್ತರ ಎಷ್ಟು ಪ್ರಬಲವಾದ ಸಾಕ್ಷಿ ಎಂಬುದಕ್ಕೆ 1914ರ ಆಗಸ್ಟ್ 26ರ ಘಟನೆಯೇ ನಿದರ್ಶನ. ಅಂದು ಕಲ್ಕತ್ತೆಯಲ್ಲಿ ರೋಡಾ ಸಂಸ್ಥೆಗೆ ಬಂದ ಸರಕಿನಿಂದ 50 ಮೌಸರ್ ಪಿಸ್ತೂಲುಗಳೂ 46,000 ತೋಟಾಗಳೂ ಕ್ರಾಂತಿಕಾರಿಗಳ ಪಾಲಾದವು. ಪ್ರತಿ ಪಿಸ್ತೂಲಿನ ಮೇಲೂ ಸಂಖ್ಯೆಯಿತ್ತು; ಆ ಸಂಖ್ಯೆಗಳೆಲ್ಲವೂ ಸಂಸ್ಥೆಯ ಪುಸ್ತಕದಲ್ಲಿ ದಾಖಲಾಗಿದ್ದವು. ಆದುದರಿಂದ ಮುಂದೆ ದೊರೆತ ಪಿಸ್ತೂಲು ಅದೇ ಸರಕಿನದು ಎಂದು ಗುರುತಿಸುವುದು ಸಾಧ್ಯವಾಯಿತು. ಪುಸ್ತಕ ಇಲ್ಲದಿದ್ದರೆ ಸಂಖ್ಯೆಗೆ ಅರ್ಥವೇ ಇರುತ್ತಿರಲಿಲ್ಲ.

ಕಾನೂನಿನ ಎಚ್ಚರಿಕೆ

ಹಳೆಯದೆಂಬ ಒಂದೇ ಕಾರಣಕ್ಕೆ ಬಂದೂಕು ಪರವಾನಗಿಯಿಂದ ಹೊರಗುಳಿಯುವುದಿಲ್ಲ. 1959ರ ಆಯುಧ ಕಾಯ್ದೆಯ 45ನೆಯ ಕಲಮಿನ ವಿನಾಯಿತಿ ದೊರೆಯಬೇಕಾದರೆ, ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧವು ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಸ್ಥಿತಿಯಲ್ಲಿರಬೇಕು. ಪರವಾನಗಿದಾರರು ತೀರಿಕೊಂಡ ಬಳಿಕ ವಾರಸುದಾರರು ಬಂದೂಕನ್ನು ಮನೆಯಲ್ಲೇ ಇಟ್ಟುಕೊಂಡು ಸುಮ್ಮನಿರುವಂತಿಲ್ಲ. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ಮುಂದಿನ ಕ್ರಮ ಕೈಗೊಳ್ಳಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇತರ ಜಿಲ್ಲೆಗಳಿಗೆ ಅನ್ವಯಿಸದು.

ಇನ್ನೊಂದು ಅಂಶ. ತುಕ್ಕು ತೆಗೆಯುವ ಆತುರದಲ್ಲಿ ಮರಳು ಕಾಗದದಿಂದ ತಿಕ್ಕಿದರೆ ಮುದ್ರೆಗಳು ಅಳಿಯುತ್ತವೆ. ಬಂದೂಕಿನ ಚರಿತ್ರೆಯೂ ಬೆಲೆಯೂ ಅಲ್ಲಿಗೇ ಕೊನೆಗೊಳ್ಳುತ್ತವೆ. ಗುರುತಿನ ಹೆಸರು, ಸಂಖ್ಯೆಗಳನ್ನು ಅಳಿಸುವುದನ್ನು ಕಾಯ್ದೆಯ 8ನೆಯ ಕಲಮು ನಿಷೇಧಿಸುತ್ತದೆ. ಕರಿಮದ್ದಿನ ಕಾಲದ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ನಳಿಗೆಗಳಲ್ಲಿ ಇಂದಿನ ತೋಟಾ ಹಾರಿಸಿದರೆ ನಳಿಗೆ ಸಿಡಿದು ಪ್ರಾಣಾಪಾಯ ಉಂಟಾಗಬಹುದು.

ವರ್ತಕರು ಗಮನಿಸಬೇಕಾದ ಮಾತೊಂದಿದೆ. ಹಳೆಯ ಅಂಗಡಿಗಳ ಖಾತೆ ಪುಸ್ತಕ, ಬೆಲೆಪಟ್ಟಿ, ಆಮದು ಬೀಜಕಗಳು ಇಂದಿಗೂ ರದ್ದಿಯ ತಕ್ಕಡಿಯನ್ನೇ ಏರುತ್ತವೆ. ತೂಕಕ್ಕೆ ಮಾರುವ ಮುನ್ನ ಅವುಗಳನ್ನು ಒಮ್ಮೆ ತೆರೆದು ನೋಡುವುದು ಲೇಸು. ಹಾಗೆಯೇ ತಮ್ಮ ಸರಕಿನ ಮೇಲೆ ಅನ್ಯರ ಹೆಸರು ಒತ್ತಿ ಕೊಡುವ ಸಣ್ಣ ತಯಾರಕರು ಸ್ವಂತದ ಗುರುತೊಂದನ್ನೂ, ಅದನ್ನು ವಿವರಿಸುವ ಪುಸ್ತಕವೊಂದನ್ನೂ ಉಳಿಸಿಕೊಳ್ಳುವುದು ಉಚಿತ. ನೂರು ವರ್ಷಗಳ ತರುವಾಯ ಆ ಕೆಲಸ ಯಾರದೆಂದು ಹೇಳಲು ಬೇರೆ ಸಾಕ್ಷಿ ಇರಲಾರದು.