ಡೀಸೆಲ್ಲಿನಲ್ಲಿ ಸಸ್ಯತೈಲದ ಬೆರಕೆ

ಸಂಸ್ಕೃತದಲ್ಲಿ ಎಣ್ಣೆಗೂ ಗೆಳೆತನಕ್ಕೂ ಸ್ನೇಹವೆಂಬ ಒಂದೇ ಹೆಸರುಂಟು. ಒರಸಾಟವನ್ನು ತಗ್ಗಿಸಿ ಎರಡನ್ನು ಹೊಂದಿಸಿ ನಡೆಯಿಸುವುದು ಇವೆರಡರ ಗುಣ. ಮನೆಯ ಡೀಸೆಲ್ ಯಂತ್ರಗಳ ವಿಷಯದಲ್ಲಿಯೂ ಗೃಹಸ್ಥರು ಇದನ್ನು ನೆನೆಯತಕ್ಕದ್ದು.

ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಸಂಸೆಯ ಸುತ್ತಿನ ತೋಟಗಳಲ್ಲಿ ಜೀಪಿಗೂ ಪಂಪಿಗೂ ಡೀಸೆಲ್ಲೇ ಆಧಾರ. ಬಯೋಡೀಸೆಲ್ ಬೆರೆಸಬಹುದೇ, ಸೀಸೆಯಲ್ಲಿ ಮಾರುವ ಮದ್ದನ್ನು ಹಾಕಬಹುದೇ ಎಂಬ ಪ್ರಶ್ನೆ ಆಗಾಗ ಬರುವುದು. ಇದಕ್ಕೆ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಈ ವಿಚಾರವು ಹೊಸದಲ್ಲ. 1900ನೆಯ ಇಸವಿಯ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಯಿಸಿ ತೋರಿಸಿದ್ದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯಿಂದ ಯಂತ್ರಗಳನ್ನು ನಡೆಯಿಸಿ ಹಳ್ಳಿಗಳಿಗೆ ವಿದ್ಯುತ್ತನ್ನೂ ನೀರನ್ನೂ ಒದಗಿಸುವ ಪ್ರಯೋಗಮಾಡಿದರು. ಕರಂಜವೆಂದು ವೈದ್ಯರು ಬಲ್ಲ ಮರವೇ ಈ ಹೊಂಗೆ. 2009ರಲ್ಲಿ ಕರ್ನಾಟಕವು ಜೈವಿಕ ಇಂಧನ ನೀತಿಯನ್ನು ಸಾರಿತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು ಏರ್ಪಟ್ಟಿತು.

ಆದರೆ ಗಾಣದ ಎಣ್ಣೆಯೇ ಬಯೋಡೀಸೆಲ್ ಅಲ್ಲ. ಹಸಿ ಎಣ್ಣೆ ಬಹಳ ಮಂದ. ಅದನ್ನು ಹಾಗೆಯೇ ಸುರಿದರೆ ಇಂಜೆಕ್ಟರಿನ ಬಾಯಲ್ಲಿ ಮಸಿ ಕಟ್ಟಿ, ಪಿಸ್ಟನ್ನಿನ ಉಂಗುರಗಳು ಅಂಟಿಕೊಳ್ಳುವುವು. ಎಣ್ಣೆಗೆ ಮೆಥನಾಲನ್ನೂ ಸ್ವಲ್ಪ ಕ್ಷಾರವನ್ನೂ ಕೂಡಿಸಿ ಕಾಯಿಸಿದರೆ ಗ್ಲಿಸರಿನ್ ಅಡಿಗಿಳಿಯುವುದು. ಮೇಲೆ ನಿಂತ ತೆಳುವಾದ ದ್ರವವನ್ನು ತೊಳೆದು ಒಣಗಿಸಿದರೆ ಅದು ಬಯೋಡೀಸೆಲ್. ಮೆಥನಾಲ್ ವಿಷವಸ್ತು, ಬೇಗ ಉರಿಯುವಂಥದು. ಆದುದರಿಂದ ಇದು ಅಡಿಗೆಮನೆಯ ಕೆಲಸವಲ್ಲ.

ಬೆರೆಸುವುದರಿಂದ ಲಾಭವೇನು? 2020ರ ಏಪ್ರಿಲಿನಿಂದ ನಮ್ಮ ದೇಶದ ಡೀಸೆಲ್ಲಿನಲ್ಲಿ ಗಂಧಕವು ದಶಲಕ್ಷಕ್ಕೆ ಹತ್ತು ಭಾಗವನ್ನು ಮೀರಕೂಡದು. ಗಂಧಕವನ್ನು ತೆಗೆಯುವಾಗ ಡೀಸೆಲ್ಲಿನ ಸ್ನಿಗ್ಧತೆಯೂ ಕುಗ್ಗುವುದು. ನೂರಕ್ಕೆ ಒಂದೆರಡು ಪಾಲು ಬಯೋಡೀಸೆಲ್ ಆ ಜಿಡ್ಡನ್ನು ಮರಳಿ ಕೊಡುವುದು. ಸಾಮಾನ್ಯ ಡೀಸೆಲ್ಲಿನಲ್ಲಿ ನೂರಕ್ಕೆ ಏಳರವರೆಗೆ ಬೆರಕೆಯನ್ನು ಭಾರತೀಯ ಮಾನಕವು ಒಪ್ಪುವುದು; ಇಪ್ಪತ್ತು ಲೀಟರಿಗೆ ಇದು ಒಂದು ಲೀಟರು ನಾನೂರು ಮಿಲಿಲೀಟರು. ಅದಕ್ಕೂ ಮೇಲೆ ಹೋಗಬೇಕಾದರೆ ಯಂತ್ರದವರ ಕೈಪಿಡಿಯ ಅನುಮತಿ ಬೇಕು. ಬಯೋಡೀಸೆಲ್ ತುಸು ಭಾರವಾದುದರಿಂದ ಮೊದಲು ಡೀಸೆಲ್ಲನ್ನು ಹಾಕಿ, ಅದರ ಮೇಲೆ ಇದನ್ನು ಸುರಿದು ಚೆನ್ನಾಗಿ ಕದಡಬೇಕು. ಹಳೆಯ ಟ್ಯಾಂಕಿನ ಗಸಿಯನ್ನು ಇದು ಕರಗಿಸುವುದರಿಂದ ಮೊದಮೊದಲು ಫಿಲ್ಟರು ಕಟ್ಟಿಕೊಳ್ಳುವುದುಂಟು. ಹಳೆಯ ರಬ್ಬರು ನಳಿಗೆಗಳು ಊದುವುದೂ ಉಂಟು. ಇವೆರಡನ್ನೂ ನೋಡಿಕೊಳ್ಳಬೇಕು.

ಮಲೆನಾಡಿಗರು ಮುಖ್ಯವಾಗಿ ಎಚ್ಚರವಹಿಸತಕ್ಕದ್ದು ನೀರಿನ ವಿಷಯದಲ್ಲಿ. ಬಯೋಡೀಸೆಲ್ ಡೀಸೆಲ್ಲಿಗಿಂತ ಹೆಚ್ಚಾಗಿ ತೇವವನ್ನು ಹೀರುವುದು. ನೀರು ನಿಂತಲ್ಲಿ ಬೂಷ್ಟು ಬೆಳೆಯುವುದು. ರೊಬಸ್ಟಾ ತೋಟಕ್ಕೆ ಹೂಮಳೆ ಬಾರದಿದ್ದರೆ ಫೆಬ್ರವರಿ, ಮಾರ್ಚಿಯಲ್ಲಿ ತುಂತುರು ನೀರು ಕೊಡುವ ಪಂಪು ಮಳೆಗಾಲವೆಲ್ಲ ಸುಮ್ಮನೆ ನಿಂತಿರುವುದು. ಅದರಲ್ಲಿ ಬೆರಕೆಯ ಎಣ್ಣೆಯನ್ನು ಬಿಟ್ಟಿದ್ದು, ಹೂವಿನ ಹೊತ್ತಿಗೆ ಯಂತ್ರ ಹೊರಡದೆ ಹೋದರೆ ವರ್ಷದ ಫಸಲಿಗೇ ಪೆಟ್ಟು. ಆದುದರಿಂದ ನಿಲ್ಲಿಸುವ ಯಂತ್ರದಿಂದ ಬೆರಕೆಯನ್ನು ಬಸಿದು ಶುದ್ಧ ಡೀಸೆಲ್ಲನ್ನೇ ತುಂಬಿಡಬೇಕು. ಬೆರೆಸಿದ್ದನ್ನು ಬೇಗನೆ ಬಳಸಿ ಮುಗಿಸಬೇಕು.

ಇನ್ನು ಸೀಸೆಯ ಮದ್ದುಗಳು. ಔಷಧಕ್ಕೆ ಅನುಪಾನವಿದ್ದಂತೆ ಇಂಧನಕ್ಕೆ ಇವು. ಬೇಗ ಹೊತ್ತಿಸುವುದಕ್ಕೆ ಒಂದು, ಇಂಜೆಕ್ಟರನ್ನು ತೊಳೆಯುವುದಕ್ಕೆ ಇನ್ನೊಂದು, ಬೂಷ್ಟನ್ನು ಕೊಲ್ಲುವುದಕ್ಕೆ ಮತ್ತೊಂದು, ಕೆಡದಂತೆ ಕಾಯುವುದಕ್ಕೆ ಬೇರೊಂದು. ರೋಗವನ್ನರಿಯದೆ ಮದ್ದು ಕೊಡುವುದು ಸಲ್ಲದು. ಹೇಳಿದ ಅಳತೆಯನ್ನು ಮೀರಲೂಬಾರದು. ಆಡ್‌ಬ್ಲೂ ಎಂಬ ಯೂರಿಯಾದ ನೀರು ಇಂಥ ಮದ್ದಲ್ಲ. ಅದಕ್ಕೆ ಬೇರೆಯೇ ಟ್ಯಾಂಕು ಇರುವುದು, ಡೀಸೆಲ್ಲಿನೊಳಗೆ ಬಿದ್ದರೆ ಅನರ್ಥವಾಗುವುದು. ಸೀಮೆಯೆಣ್ಣೆಯ ಬೆರಕೆಯೂ ಜಿಡ್ಡನ್ನು ಕಳೆದು ಪಂಪನ್ನು ಸವೆಯಿಸುವುದು.

ಕಡೆಯದಾಗಿ, ಬಯೋಡೀಸೆಲ್ಲೆಂಬ ಹೆಸರಿನಿಂದ ಯಾವುದೋ ಎಣ್ಣೆಯನ್ನು ಅಗ್ಗಕ್ಕೆ ಮಾರುವವರೂ ಇರುವರು. ಅನುಮತಿ ಪಡೆದ ಮಾರಾಟಗಾರರಿಂದಲೇ, ಮಾನಕದ ಪ್ರಮಾಣಪತ್ರವನ್ನು ನೋಡಿ, ರಸೀದಿ ಪಡೆದು ಕೊಳ್ಳುವುದು ಲೇಸು. ಕೊಂಡಾಗ ಉಳಿದ ನಾಲ್ಕು ಕಾಸು ಪಂಪು ಕೆಟ್ಟಾಗ ನಾಲ್ಕು ಸಾವಿರವನ್ನು ತಿನ್ನಬಾರದಷ್ಟೆ.